ಒಂದು ಸಾವಿರ ಬೀಡಿ ಬಿಚ್ಚಿಸಿದವನು

ಸತ್ತವರ ಬಗ್ಗೆ ಕೆಟ್ಟದ್ದು ಬರೆಯಬಾರದಂತೆ. ಅವನು ಬದುಕಿದ್ದಾಗ ಬರೆಯಲು ನನಗೆ ಧೈರ್ಯ ಇರಲಿಲ್ಲ. ಈಗ ಉಂಟು, ಹಾಗಾಗಿ ಬರೆಯುತ್ತೇನೆ. ಓದಿದವರಿಗೆ ಬೇಸರ ಆದರೆ ಆಗಲಿ.

ಅವನ ಹೆಸರು ಹಾಕುವುದಿಲ್ಲ. ಮರ್ಯಾದೆಯಿಂದ ಅಲ್ಲ. ಅವನ ಮೊಮ್ಮಕ್ಕಳ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ನಾಲ್ಕು ಜನರ ಎದುರು ಮಕ್ಕಳಿಗೆ ನಾಚಿಕೆ ಮಾಡಿಸಿದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದೂ ಮಾಡಿದ್ದಾದರೆ ಇನ್ನೂ ಕೆಟ್ಟದು.

ಅವನು ನಮ್ಮ ಬೀಡಿ ಬ್ರಾಂಚಿನ ಚೆಕ್ಕರ್. ಈಗಿನ ಮಕ್ಕಳಿಗೆ ಬ್ರಾಂಚ್ ಅಂದರೆ ಬ್ಯಾಂಕು. ನಮಗೆ ಬ್ರಾಂಚ್ ಅಂದರೆ ಬೈಕಂಪಾಡಿ ಕಡೆ ಹಂಚಿನ ಮಾಡಿನ ಒಂದು ಕೋಣೆ, ಎದುರಿಗೆ ಉದ್ದ ಜಗಲಿ. ಅಲ್ಲಿಂದ ಎಲೆ, ಹೊಗೆಸೊಪ್ಪು, ನೂಲು ತೂಕ ಮಾಡಿ ಕೊಡುತ್ತಿದ್ದರು. ನಾವು ಹೆಂಗಸರು ಮನೆಗೆ ತಂದು, ಎಲೆ ನೆನೆಸಿ, ಕತ್ತರಿಸಿ, ಬೀಡಿ ಕಟ್ಟಿ, ಇಪ್ಪತ್ತೈದು ಇಪ್ಪತ್ತೈದರ ಕಟ್ಟು ಮಾಡಿ ತಿರುಗಿ ಕೊಂಡುಹೋಗುವುದು. ಅದನ್ನು ನೋಡಿ, ಒಳ್ಳೆಯದು ಒಳಗೆ, ಹಾಳಾದದ್ದು ಹೊರಗೆ ಎಂದು ಹೇಳುವವನೇ ಚೆಕ್ಕರ್. ಅವನ ಬಾಯಿಂದ "ಹೂಂ" ಬರುವವರೆಗೆ ನಾವು ಉಸಿರು ಬಿಡುತ್ತಿರಲಿಲ್ಲ.

ಕೆಲಸ ಗೊತ್ತಿದ್ದ ಮನುಷ್ಯ. ಅದನ್ನು ಇಲ್ಲ ಎನ್ನುವುದಿಲ್ಲ. ಕಟ್ಟನ್ನು ಅಂಗೈಯಲ್ಲಿ ಒಮ್ಮೆ ಹಾರಿಸಿದರೆ ಸಾಕು, ಹೊಗೆಸೊಪ್ಪು ಕಡಿಮೆ ಉಂಟಾ ಎಂದು ಹೇಳುತ್ತಿದ್ದ. ಹೆಬ್ಬೆರಳಿನಿಂದ ನಡು ಒತ್ತಿ ಕಿವಿಯ ಹತ್ತಿರ ಹಿಡಿಯುತ್ತಿದ್ದ, ಬೀಡಿ ಅವನ ಹತ್ತಿರ ಗುಟ್ಟು ಹೇಳುವ ಹಾಗೆ. ತಾನು ಮಾತ್ರ ಜನ್ಮದಲ್ಲಿ ಒಂದು ಬೀಡಿ ಸೇದಿದವನಲ್ಲ. "ಅದನ್ನು ಸೇದುವವರು ಕತ್ತೆಗಳು, ಕಟ್ಟುವವರು ಅವುಗಳ ಹೆಂಡತಿಯರು" ಎನ್ನುತ್ತಿದ್ದ. ನಾವು ನಗುತ್ತಿದ್ದೆವು. ನಗದಿದ್ದರೆ ಆ ದಿನ ನಮ್ಮ ನಾಲ್ಕು ಕಟ್ಟು ಹೊರಗೆ ಬೀಳುತ್ತಿತ್ತು.

ಬಿಳಿ ಅಂಗಿ, ಬಿಳಿ ಮುಂಡು, ಕಿಸೆಯಲ್ಲಿ ಶಾಯಿಪೆನ್ನು. ಆ ಪೆನ್ನಿನಲ್ಲಿ ಬರೆದದ್ದನ್ನು ಯಾರೂ ನೋಡಿಲ್ಲ. ಬರೆಯಲಿಕ್ಕೆ ಸೀಸದ ಕಡ್ಡಿ ಬೇರೆ ಇತ್ತು. ಇನ್ನೊಂದು ಕಿಸೆಯಲ್ಲಿ ಪೆಪ್ಪರ್‌ಮಿಂಟ್. ತಾಯಂದಿರ ಸೊಂಟದಲ್ಲಿ ಬಂದ ಮಕ್ಕಳಿಗೆ ಒಂದೊಂದು ಕೊಡುತ್ತಿದ್ದ. ಅದಕ್ಕೆ ಜನ ಈಗಲೂ ಹೇಳುತ್ತಾರೆ, "ಬಾಯಿ ಸ್ವಲ್ಪ ಜೋರು, ಮನಸ್ಸು ಬೆಣ್ಣೆ." ಬೆಣ್ಣೆ ಅಂತೆ ಬೆಣ್ಣೆ. ಹಾಳು ಎಂದು ಅವನು ಹೊರಗೆ ಹಾಕಿದ ಬೀಡಿ ಸಂಜೆ ಸೈಕಲಿನಲ್ಲಿ ಎಲ್ಲಿಗೆ ಹೋಗುತ್ತಿತ್ತು ಎಂದು ಊರಿನ ಎಲ್ಲ ಗೂಡಂಗಡಿಗೂ ಗೊತ್ತಿತ್ತು. ನಾವು ಕೇಳಲಿಲ್ಲ. ಕೇಳುವ ಹೆಂಗಸಿಗೆ ಮರುದಿನ ತೂತು ಬಿದ್ದ ಎಲೆ ಸಿಗುತ್ತಿತ್ತು.

ಇನ್ನು ನನ್ನ ವಿಷಯ. ನಾನು ಮೋಸ ಮಾಡಿದ್ದು ಹೌದು. ಮೊದಲೇ ಹೇಳಿಬಿಡುತ್ತೇನೆ, ಮತ್ತೆ ಯಾರೂ ಹೇಳುವುದು ಬೇಡ.

ನನಗೆ ಆಗ ಇಪ್ಪತ್ತೇಳು ವರ್ಷ. ಗಂಡ ಬೊಂಬಾಯಿಯ ಹೋಟೇಲಿನಲ್ಲಿ. ಮನೆಯಲ್ಲಿ ಅತ್ತೆ, ಆರು ವರ್ಷದ ಮಗಳು ಶೋಭ. ಮಗ ಇನ್ನೂ ಹುಟ್ಟಿರಲಿಲ್ಲ. ಬೆಳಗ್ಗೆ ಎದ್ದರೆ ಬೀಡಿಯ ಮೊರ ಮಡಿಲಲ್ಲಿ, ಮಲಗುವಾಗ ಕೆಳಗೆ. ಆ ವಾರ ಪೇಟೆಯ ಟಾಕೀಸಿಗೆ ಒಂದು ಸಿನಿಮಾ ಬಂದಿತ್ತು. ಪಕ್ಕದ ಮನೆಯವಳ ಜೊತೆ ಬಸ್ಸು ಹತ್ತಿ ಹೋದೆ. ಮಧ್ಯಾಹ್ನದ ಆಟ ನೋಡಿದೆ. ಚಂದ ಇತ್ತು. ಹೊರಗೆ ಬಂದು ಗೋಳಿಬಜೆ ತಿಂದು, ತಿರುಗಿ ಒಳಗೆ ಹೋಗಿ ಅದೇ ಸಿನಿಮಾ ಇನ್ನೊಮ್ಮೆ ನೋಡಿದೆ. ಮಗುವಿಗೆ ಮದ್ದು ತರಲಿಕ್ಕಲ್ಲ, ಯಾರದೂ ಸಾವಿಗಲ್ಲ. ಸಿನಿಮಾಕ್ಕೆ.

ಕೊಡಬೇಕಾದ ಬೀಡಿ ಅರ್ಧವೂ ಆಗಿರಲಿಲ್ಲ. ಮರುದಿನ ಅವಸರದಲ್ಲಿ ಕಟ್ಟಿದೆ. ಹೊಗೆಸೊಪ್ಪು ಸರಿಯಾಗಿ ತುಂಬಿದರೆ ಬೀಡಿ ಸುತ್ತಲು ಹೊತ್ತು ಬೇಕು. ಟೊಳ್ಳು ಬಿಟ್ಟರೆ ಬೇಗ ಆಗುತ್ತದೆ. ಕಟ್ಟಿನ ಹೊರಸುತ್ತಿಗೆ ಒಳ್ಳೆಯದು ಇಟ್ಟು ನಡುವಿಗೆ ಟೊಳ್ಳು ತುರುಕಿದೆ. ಹಾಗೆ ನಲವತ್ತು ಕಟ್ಟು, ಒಂದು ಸಾವಿರ ಬೀಡಿ. ನಾನೊಬ್ಬಳೇ ಹಾಗೆ ಮಾಡಿದವಳು ಎಂದು ತಿಳಿಯಬೇಡಿ. ಆದರೆ ಸಿಕ್ಕಿಬಿದ್ದವಳು ನಾನು.

ಅವನ ಹೆಬ್ಬೆರಳು ಮೂರನೇ ಕಟ್ಟಿನಲ್ಲಿ ನಿಂತಿತು.

"ಇದು ಎಂತ ಲೀಲ?"

"ಮಗಳಿಗೆ ಜ್ವರ ಚೆಕ್ಕರಣ್ಣ. ಎರಡು ದಿನದಿಂದ ಮಡಿಲಿನಿಂದ ಇಳಿಯುವುದಿಲ್ಲ. ಅವಸರದಲ್ಲಿ ಹೀಗಾಯ್ತು."

"ಅಯ್ಯೋ ಪಾಪ" ಎಂದ. "ಕೂತ್ಕೊ. ಒಂದೊಂದೇ ಬಿಚ್ಚು."

ಬೇರೆ ಹೆಂಗಸರ ಟೊಳ್ಳು ಬೀಡಿಯನ್ನು, ಗೂಡಂಗಡಿಗೂ ಆಗದ್ದನ್ನು, ಅವನೇ ಮುರಿದು ಬಿಸಾಡುತ್ತಿದ್ದ. ಎರಡು ನಿಮಿಷದ ಕೆಲಸ. ನನಗೆ ಮಾತ್ರ ಜಗಲಿಯ ನಡುವೆ ಕೂತು ನೂಲು ಎಳೆದು, ಎಲೆ ಬಿಡಿಸಿ, ಹೊಗೆಸೊಪ್ಪು ಕೊಡವಲು ಹೇಳಿದ. ನೂಲು ಒಂದು ಕಡೆ, ಎಲೆ ಒಂದು ಕಡೆ, ಸೊಪ್ಪು ಒಂದು ಕಡೆ. ಒಳ್ಳೆಯ ಬೀಡಿಯನ್ನೂ ಬಿಡಲಿಲ್ಲ. ಬೀಡಿ ಕಟ್ಟುವಾಗ ಕೈ ನೋಯುವುದಿಲ್ಲ, ಅಭ್ಯಾಸ. ಬಿಚ್ಚುವಾಗ ನೋಯುತ್ತದೆ. ಬರುವ ಹೋಗುವ ಹೆಂಗಸರು ನನ್ನನ್ನು ದಾಟಿಕೊಂಡೇ ಹೋಗಬೇಕಿತ್ತು. ಕೆಲವರು ಸೀರೆ ಎತ್ತಿ ದಾಟಿದರು, ನಾನು ಸೆಗಣಿಯ ಹಾಗೆ.

ಅಷ್ಟಕ್ಕೇ ಮುಗಿದಿದ್ದರೆ ನಾನು ಈ ಕಾಗದ ಹಾಳು ಮಾಡುತ್ತಿರಲಿಲ್ಲ. ತಪ್ಪು ಮಾಡಿದೆ, ಬಿಚ್ಚಿಸಿದ, ಸರಿ.

ಮಧ್ಯಾಹ್ನ ಆದರೂ ನಾನು ಮನೆಗೆ ಬರಲಿಲ್ಲ ಎಂದು ಅತ್ತೆ ಶೋಭನ ಕೈಯಲ್ಲಿ ಗಂಜಿಯ ತೂಕುಪಾತ್ರೆ ಕೊಟ್ಟು ಕಳಿಸಿದರು. ಅವಳು ಒಂಟಿಕಾಲಿನಲ್ಲಿ ಕುಂಟುತ್ತಾ, ಹಾಡುತ್ತಾ, ಮೆಟ್ಟಿಲು ಹಾರಿಕೊಂಡು ಬಂದಳು. ನಾನು ಕಣ್ಣಿನಲ್ಲೇ ಹೋಗು ಹೋಗು ಎಂದೆ. ಆರು ವರ್ಷದ ಮಗುವಿಗೆ ಕಣ್ಣಿನ ಮಾತು ಎಲ್ಲಿ ಗೊತ್ತಾಗುತ್ತದೆ?

"ಜ್ವರ ಬಿಟ್ಟಿತಾ ಮಗಾ?" ಎಂದು ಅವನು ಕೇಳಿದ.

"ಯಾವ ಜ್ವರ?" ಎಂದಳು ಇವಳು.

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಅವನು ನಗಲಿಲ್ಲ. ಕಿಸೆಗೆ ಕೈ ಹಾಕಿ ಪೆಪ್ಪರ್‌ಮಿಂಟ್ ತೆಗೆದು ಮಗುವಿನ ಬಾಯಿಗೆ ಅವನೇ ಇಟ್ಟ. ಮೆಲ್ಲಗೆ, ಪ್ರೀತಿಯಿಂದ ಹೇಳಿಕೊಟ್ಟ, ಶಾಲೆಯ ಮಾಸ್ಟರ ಹಾಗೆ. "ಹೇಳು ಮಗಾ, ನನ್ನ ಅಮ್ಮ ಕಳ್ಳಿ."

ಅವಳು ನನ್ನನ್ನು ನೋಡಿದಳು. ನಾನು ಕೆಳಗೆ ನೋಡಿದೆ.

"ಹೇಳು, ಇನ್ನೊಂದು ಕೊಡ್ತೇನೆ."

ಒಂದು ಕೆನ್ನೆ ಉಬ್ಬಿಸಿಕೊಂಡು ಮಗು ಹೇಳಿತು. "ಜೋರಾಗಿ" ಎಂದ. ಜೋರಾಗಿ ಹೇಳಿತು. ನಾನು ಎದ್ದು ಅವನ ಬಿಳಿ ಅಂಗಿಗೆ ಆ ಸೊಪ್ಪನ್ನೆಲ್ಲ ಎರಚಲಿಲ್ಲ. ಮಗುವನ್ನು ಎತ್ತಿಕೊಂಡು ಹೊರಡಲೂ ಇಲ್ಲ. ಇನ್ನೊಂದು ಬೀಡಿಯ ನೂಲು ಎಳೆದೆ.

ಸಂಜೆ ಮನೆಗೆ ಬಂದು ಕಸ ಗುಡಿಸುವ ಹಿಡಿಸೂಡಿ ತೆಗೆದುಕೊಂಡು ಶೋಭನಿಗೆ ಹೊಡೆದೆ. "ನೀನು ಯಾಕೆ ಬಂದದ್ದು? ಯಾಕೆ ಬಂದದ್ದು?" ಎಂದು ಕೇಳಿ ಕೇಳಿ ಹೊಡೆದೆ. ಅತ್ತೆ ಬಂದು ಕೈ ಹಿಡಿದ ಮೇಲೆ ನಿಲ್ಲಿಸಿದ್ದು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವನು ಮಾಡಿದ್ದು ಊರಿಗೆಲ್ಲ ಗೊತ್ತು. ನಾನು ಮಾಡಿದ್ದು ನಮ್ಮ ಮೂವರಿಗೆ ಮಾತ್ರ. ಅತ್ತೆ ಸತ್ತರು. ಮತ್ತೆ ಉಳಿದದ್ದು ಇಬ್ಬರು.

ಬ್ರಾಂಚ್ ಬಿಡಲಿಕ್ಕೆ ಆಗಲಿಲ್ಲ. ಬಿಟ್ಟರೆ ಉಣ್ಣುವುದು ಎಂತ? ಮತ್ತೆ ಹದಿನೆಂಟು ವರ್ಷ ಅವನ ಹೆಬ್ಬೆರಳಿನ ಎದುರು ನಿಂತೆ. ನನ್ನಷ್ಟು ಗಟ್ಟಿಯಾಗಿ, ಸಮವಾಗಿ ಬೀಡಿ ಕಟ್ಟುವವಳು ಆ ಬ್ರಾಂಚಿನಲ್ಲಿ ಇನ್ನೊಬ್ಬಳು ಇರಲಿಲ್ಲ. ಅವನು ಅದನ್ನೂ ತನ್ನ ಲೆಕ್ಕಕ್ಕೇ ಹಾಕಿಕೊಂಡ. ಹೊಸ ಹುಡುಗಿಯರಿಗೆ ನನ್ನನ್ನು ತೋರಿಸಿ, "ನೋಡಿ, ಒಂದು ದಿನ ಬಿಚ್ಚಿಸಿದ್ದಕ್ಕೆ ಹೇಗೆ ಸರಿಯಾದಳು" ಎನ್ನುತ್ತಿದ್ದ.

ಹತ್ತು ವರ್ಷದ ಹಿಂದೆ ಬಸ್ಸಿನಲ್ಲಿ ಸಿಕ್ಕಿದ್ದ. ಮುದುಕ ಆಗಿದ್ದ, ಕಂಬಿ ಹಿಡಿದು ತೂಗಾಡುತ್ತಿದ್ದ. ನನ್ನ ಪಕ್ಕದ ಸೀಟು ಖಾಲಿ ಇತ್ತು. ನಾನು ಚೀಲ ಎತ್ತಿ ಅದರ ಮೇಲೆ ಇಟ್ಟೆ. ಎಂಥ ಸುಖ ಆಯಿತು ಎಂದರೆ! ಎರಡು ಸ್ಟಾಪು ಹಾಗೇ ಬಂದೆವು, ಚೀಲ ಕೂತುಕೊಂಡು, ಅವನು ನಿಂತುಕೊಂಡು. ಮತ್ತೆ ಅವನು ನನ್ನ ಮುಖ ನೋಡಿದ. "ಹೇ, ನೀನು ಆ ಬಿಚ್ಚಿದವಳಲ್ಲವಾ?" ಎಂದು ದೊಡ್ಡ ಸ್ವರದಲ್ಲಿ ನಕ್ಕ. ಕಂಡಕ್ಟರನಿಗೆ ಕಥೆ ಹೇಳಲು ಸುರು ಮಾಡಿದ. ಅರವತ್ತು ದಾಟಿದವಳು, ಮೊಮ್ಮಗಳಿರುವವಳು, ಚೀಲ ಎತ್ತಿಕೊಂಡು ನನ್ನ ಸ್ಟಾಪಿಗಿಂತ ಎಷ್ಟೋ ಮೊದಲೇ ಇಳಿದೆ. ಬಸ್ಸು ಹೊರಡುವಾಗ ನೋಡಿದೆ. ಎರಡೂ ಸೀಟಿನಲ್ಲಿ ಅವನು ಆರಾಮಾಗಿ ಕೂತಿದ್ದ. ಬಿಸಿಲಿನಲ್ಲಿ ನಡೆದುಕೊಂಡು ಮನೆಗೆ ಬಂದೆ. ಅವನಿಗೆ ಬೈದುಕೊಂಡು ಅಲ್ಲ, ನನಗೇ ಬೈದುಕೊಂಡು.

ಹೋದ ತಿಂಗಳು ಅವನು ಸತ್ತ. ಒಳ್ಳೆಯ ಪ್ರಾಯಕ್ಕೆ, ನಿದ್ದೆಯಲ್ಲಿ. ದೇವರಿಗೆ ಕೆಲವರ ಮೇಲೆ ಯಾಕೆ ಅಷ್ಟು ದಾಕ್ಷಿಣ್ಯ ಎಂದು ನನಗೆ ಗೊತ್ತಾಗುವುದಿಲ್ಲ.

ನಾನು ಈಗ ಪೇಟೆಯ ಫಳ್ನೀರಿನಲ್ಲಿ ಮಗನ ಫ್ಲಾಟಿನಲ್ಲಿ ಇರುವುದು. ಅಲ್ಲಿಗೆ ಆ ಚೆಕ್ಕರನ ದೊಡ್ಡ ಮಗ ಹುಡುಕಿಕೊಂಡು ಬಂದ. "ಲೀಲಕ್ಕ, ಹದಿಮೂರನೇ ದಿನಕ್ಕೆ ಅಪ್ಪನ ಬೊಜ್ಜ, ಉತ್ತರಕ್ರಿಯೆ. ಊಟಕ್ಕೆ ಮೊದಲು ಹಾಲ್‌ನಲ್ಲಿ ಒಂದು ನುಡಿನಮನ ಇಟ್ಟಿದ್ದೇವೆ. ಬೀಡಿ ಕಟ್ಟುವವರ ಪರವಾಗಿ ನೀವು ಎರಡು ಮಾತು ಹೇಳ್ಬೇಕು. ಅಪ್ಪ ನಿಮ್ಮ ಹೆಸರು ತುಂಬ ಹೇಳ್ತಾ ಇದ್ದರು."

ಎಂತ ಹೇಳ್ತಾ ಇದ್ದ ಎಂದು ಕೇಳಲಿಲ್ಲ. ಬಂದವನು ಹೋದ ಮೇಲೆ ತಲೆ ತಿರುಗಿದ ಹಾಗಾಯಿತು. ಕೆಳಗಿನ ಮಹಡಿಯಲ್ಲಿ ಒಬ್ಬರು ಹೆಂಗಸು ಇದ್ದಾರೆ, ಕೊಂಕಣಿ ಕ್ರಿಶ್ಚಿಯನ್ನರು, ರಿಟೈರ್ಡ್ ನರ್ಸ್. ಎಲ್ಲರೂ ಅವರನ್ನು ಬಾಯಿ ಎಂದೇ ಕರೆಯುವುದು. ನನಗಿಂತ ಎರಡು ವರ್ಷ ದೊಡ್ಡವರು. ಬಿ.ಪಿ. ನೋಡಿಸಲು ಹೋದೆ. ಪಟ್ಟಿ ಸುತ್ತಿ, ಗಾಳಿ ತುಂಬಿ, "ಎಂತ ಮಾರಾಯ್ತಿ ಇದು, ಲಾರಿಯ ಟಯರಿನ ಹಾಗೆ ಉಂಟು. ಎಂತ ಆಯ್ತು ಹೇಳು" ಎಂದರು.

ಹೇಳಿದೆ. ಸಿನಿಮಾ, ಜ್ವರ, ಪೆಪ್ಪರ್‌ಮಿಂಟ್, ಎಲ್ಲ. ಹಿಡಿಸೂಡಿಯನ್ನೂ ಹೇಳಿದೆ. ಬಾಯಿ ಅಯ್ಯೋ ಪಾಪ ಎನ್ನಲಿಲ್ಲ. ಎಂದಿದ್ದರೆ ಎದ್ದು ಬರುತ್ತಿದ್ದೆ.

"ಸಿನಿಮಾಕ್ಕೆ ಹೋದದ್ದು ನಾನು ಅಂತ ಇಟ್ಟುಕೊ. ಟೊಳ್ಳು ಬೀಡಿ ಕಟ್ಟಿದ್ದೂ ನಾನೇ. ನನಗೆ ಎಷ್ಟು ವರ್ಷ ಬೈತಿದ್ದಿ ನೀನು?"

"ನಿಮಗಾ? ಎರಡು ದಿನ ತಮಾಷೆ ಮಾಡ್ತಿದ್ದೆ. ಅಷ್ಟು ಹೊತ್ತು ನಿಮ್ಮನ್ನು ನೆನಪಿಟ್ಟುಕೊಳ್ಳಲಿಕ್ಕೆ ನನಗೆ ಬೇರೆ ಕೆಲಸ ಇಲ್ಲವಾ ಬಾಯಿ?"

"ಮತ್ತೆ ನಿನಗೆ ಯಾಕೆ ನಲವತ್ತೈದು ವರ್ಷ?"

ಬಾಯಿ ಪಟ್ಟಿ ಬಿಚ್ಚಿ ಮಡಚಿದರು. "ಅವನಿಗೆ ಬೈ. ಎಷ್ಟು ಬೇಕಾದರೂ ಬೈ, ನಾನು ಕೂಡ ಸೇರ್ತೇನೆ. ಆದರೆ ಅವನು ಮಾಡಿದ್ದನ್ನು ನೀನು ದಿನಾ ನಿನಗೇ ಮಾಡಿಕೊಳ್ತಾ ಇದ್ದಿ. ಅವನು ನಿನ್ನನ್ನು ಕೂರಿಸಿದ್ದು ಒಂದು ದಿನ ಅಲ್ಲವಾ?"

"ಮಗಳಿಗೆ ಹೊಡೆದದ್ದು ಅವನಲ್ಲ."

"ಅಲ್ಲ. ಅದು ನೀನೇ. ಅದಕ್ಕೆ ಮಾಫಿ ಕೊಡುವವಳು ನಾನೂ ಅಲ್ಲ, ನೀನೂ ಅಲ್ಲ. ಅವಳ ಹತ್ತಿರ ಹೋಗಿ ಹೇಳು. ಆದರೆ ನಿನ್ನ ಮೇಲೆ ನಿನಗೆ ಒಂದು ಚೂರು ಕನಿಕರ ಇಲ್ಲದಿದ್ದರೆ ಮಾತು ಏಳುವುದಿಲ್ಲ ಲೀಲ. ನೋಡಿದ್ದೇನೆ ನಾನು. ಸಾಯುವ ಮಂಚದಲ್ಲಿ ಕೂಡ ಜನರಿಗೆ ಏಳುವುದಿಲ್ಲ."

ಮನೆಗೆ ಬಂದೆ. ಮೊಮ್ಮಗಳು, ಆಫೀಸು ಹತ್ತಿರ ಎಂದು ನಮ್ಮಲ್ಲೇ ಇರುವ ಶೋಭನ ಮಗಳು, ಸೋಫಾದಲ್ಲಿ ಕಾಲು ಚಾಚಿ ಮೊಬೈಲಿನಲ್ಲಿ ಸಿನಿಮಾ ನೋಡುತ್ತಿದ್ದಳು. ಆಫೀಸಿನ ಕೆಲಸ ಅರ್ಧ ಬಿಟ್ಟು. ಅವಳಿಗೂ ಇಪ್ಪತ್ತಾರೋ ಇಪ್ಪತ್ತೇಳೋ. ಅವಳನ್ನೇ ನೋಡುತ್ತಾ ನಿಂತೆ. ಇಷ್ಟು ಸಣ್ಣ ಪ್ರಾಯದವಳಾ ನಾನು ಆಗ? ಇವಳನ್ನು ಯಾರಾದರೂ ಜಗಲಿಯಲ್ಲಿ ಕೂರಿಸಿ ನಗಲಿ ನೋಡುವ, ಕೈ ಮುರಿಯುತ್ತೇನೆ. ಇವಳಿಗಾಗಿ ಮುರಿಯುವವಳು ಆ ಲೀಲನಿಗಾಗಿ ಒಂದು ಮಾತು ಆಡಿರಲಿಲ್ಲ. ಇಷ್ಟು ವರ್ಷ ಜಗಲಿಯವರ ಜೊತೆ ಸೇರಿ ನಾನೂ ಅವಳನ್ನು ನೋಡಿ ನಕ್ಕಿದ್ದೆ, ನಾನೂ ಸೀರೆ ಎತ್ತಿ ಅವಳನ್ನು ದಾಟಿದ್ದೆ. ಆ ದಿನ ಅಡಿಗೆಮನೆಗೆ ಹೋಗಿ ಒಂದು ಲೋಟ ಚಾ ಮಾಡಿ, ಸಕ್ಕರೆ ಹಾಕಿ, ಕೂತು ಕುಡಿದೆ. ಡಾಕ್ಟರು ಸಕ್ಕರೆ ಬೇಡ ಎಂದಿದ್ದಾರೆ. ಆ ಚಾ ನನಗಲ್ಲ, ಆ ಇಪ್ಪತ್ತೇಳರ ಲೀಲನಿಗೆ.

ಭಾನುವಾರ ಶೋಭ ಬಂಗುಡೆ ಮೀನು ಹಿಡಿದುಕೊಂಡು ಬಂದಳು. ಬೈಕಂಪಾಡಿಯಲ್ಲೇ ಒಂದು ಗೋಡೌನಿನಲ್ಲಿ ಪ್ಯಾಕಿಂಗಿನ ಸೂಪರ್‌ವೈಸರ್. ಕೈಕೆಳಗಿನ ಹುಡುಗಿಯರಿಗೆ ಬೈಯಲಿಕ್ಕೇ ಗೊತ್ತಿಲ್ಲ ಎಂದು ಅವಳ ಮೇಲೆ ದೂರು. ಇಬ್ಬರೂ ಕೂತು ಮೀನು ಹೆಚ್ಚುವಾಗ ಹೇಳಿದೆ. "ಆ ದಿನ ನಾನು ನಿನಗೆ ಹೊಡೆದದ್ದು ತಪ್ಪು."

ಯಾವ ದಿನ ಎಂದು ಅವಳು ಕೇಳಲಿಲ್ಲ. ಕೈಯಲ್ಲಿದ್ದ ಮೀನು ಕೆಳಗಿಟ್ಟಳು.

"ನಾನು ಬರದಿದ್ದರೆ ಜ್ವರದ ಸುಳ್ಳು ಗೊತ್ತಾಗ್ತಿರಲಿಲ್ಲ" ಎಂದಳು. "ಮತ್ತೆ ಹಾಗೆ ಹೇಳಿದ್ದು ನಾನೇ ಅಲ್ಲವಾ ಅಮ್ಮ. ಪೆಪ್ಪರ್‌ಮಿಂಟಿಗೆ. ಎರಡನೆಯದನ್ನೂ ತಿಂದೆ. ಹೊಡೆದದ್ದು ಸರಿಯೇ ಅಂತ ಇದ್ದೆ ನಾನು."

ಐವತ್ತೊಂದು ವರ್ಷದ ಹೆಂಗಸು ಹೀಗೆ ಹೇಳಿದಳು. ನನ್ನ ನಾಚಿಕೆ ನನ್ನೊಬ್ಬಳದ್ದೇ ಎಂದು ನಾನು ತಿಳಿದಿದ್ದೆ. ಅರ್ಧ ಇವಳ ತಲೆಯ ಮೇಲೆ ಇತ್ತು. ಅದಕ್ಕೇ ಇವಳಿಗೆ ಯಾರಿಗೂ ಬೈಯಲು ಬಾಯಿ ಬಾರದ್ದು.

"ಹಸಿದ ಅಮ್ಮನಿಗೆ ಗಂಜಿ ತಂದದ್ದು ತಪ್ಪಾ?" ಎಂದೆ. "ತಪ್ಪು ನನ್ನ ಕೈಯದ್ದು. ನಿನಗೆ ಸಿಟ್ಟಿದ್ದರೆ ಈಗ ಮಾಡು, ನಾನು ಕೂತಿದ್ದೇನೆ."

ಅವಳು ಸಿಟ್ಟು ಮಾಡಿದಳು. ಮಾಡಲಿಲ್ಲ ಎಂದು ಸುಳ್ಳು ಬರೆಯುವುದಿಲ್ಲ. ಮೀನಿಗೆ ನೊಣ ಕೂರುವವರೆಗೆ ಬೈದಳು, ಅತ್ತಳು. ಮತ್ತೆ ಕತ್ತಿ ತೆಗೆದುಕೊಂಡು, "ಬೊಜ್ಜಕ್ಕೆ ಹೋಗ್ತಿಯಾ?" ಎಂದು ಕೇಳಿದಳು.

"ಹೋಗ್ತೇನೆ. ಎರಡು ಮಾತು ಹೇಳಲಿಕ್ಕೆ ಹೇಳಿದ್ದಾರೆ."

"ನಾನೂ ಬರ್ತೇನೆ."

ಹಾಲ್‌ನಲ್ಲಿ ಅವನ ಫೋಟೋ, ಮಲ್ಲಿಗೆ, ಎರಡು ದೀಪ. ಶಿಸ್ತಿನ ಮನುಷ್ಯ ಎಂದು ಒಬ್ಬ ಹೇಳಿದ. ಮಕ್ಕಳೆಂದರೆ ಪ್ರಾಣ ಎಂದು ಇನ್ನೊಬ್ಬ. ನನ್ನ ಸರದಿ ಬಂದಾಗ ಮೈಕನ್ನು ಬಾಯಿಗೆ ಸಮ ಮಾಡಿ ಕೊಟ್ಟರು.

"ನಾನು ಲೀಲ. ನಾನು ಟೊಳ್ಳು ಬೀಡಿ ಕಟ್ಟಿದ್ದು ಹೌದು. ಸಿನಿಮಾ ನೋಡಲಿಕ್ಕೆ. ಅದಕ್ಕೆ ಇವರು ಸಾವಿರ ಬೀಡಿ ಬಿಚ್ಚಿಸಿದರು, ನಾನು ಬಿಚ್ಚಿದೆ. ಅದು ಮುಗಿಯಿತು. ಆದರೆ ಈ ಮನುಷ್ಯ ಆರು ವರ್ಷದ ನನ್ನ ಮಗಳ ಬಾಯಿಗೆ ಪೆಪ್ಪರ್‌ಮಿಂಟ್ ಇಟ್ಟು, ನನ್ನ ಅಮ್ಮ ಕಳ್ಳಿ ಎಂದು ಹೇಳಿಸಿದರು. ಆ ಸಿಟ್ಟಿಗೆ ನಾನು ಮಗುವಿಗೆ ಹೊಡೆದೆ. ಹೊಡೆದದ್ದಕ್ಕೆ ಮಗಳ ಹತ್ತಿರ ಮಾಫಿ ಕೇಳಿದ್ದೇನೆ. ಇವರು ಯಾರ ಹತ್ತಿರವೂ ಕೇಳಲಿಲ್ಲ. ನಾನು ನನ್ನನ್ನು ಬಿಟ್ಟಿದ್ದೇನೆ. ಇವರನ್ನು ಬಿಡುವುದಿಲ್ಲ. ನಮಸ್ಕಾರ."

ಫೋಟೋದ ಹತ್ತಿರ ಇಡಲು ಕೈಗೆ ಕೊಟ್ಟ ಹೂವನ್ನು ಮೇಜಿನ ಮೇಲೆ ಇಟ್ಟು ಇಳಿದೆ.

ಊಟಕ್ಕೆ ಎಲೆ ಹಾಕಿದ್ದರು. ಬೊಜ್ಜಕ್ಕೆ ಬಂದವರು ಉಣ್ಣದೆ ಹೋಗಬಾರದು, ಹೋದರೆ ಸತ್ತವನಿಗೆ ತೃಪ್ತಿ ಇಲ್ಲ ಎಂದು ನಮ್ಮಲ್ಲಿ ನಂಬಿಕೆ. ನನಗೂ ಆ ನಂಬಿಕೆ ಉಂಟು. ಇಲ್ಲದಿದ್ದರೆ ಉಂಡೇ ಬರುತ್ತಿದ್ದೆ, ಪಾಯಸದ ಪರಿಮಳ ಚೆನ್ನಾಗಿತ್ತು. ಚಪ್ಪಲಿ ಹಾಕಿ ಶೋಭನನ್ನು ಕರೆದುಕೊಂಡು ಗೇಟಿಗೆ ಬಂದೆ. ದೊಡ್ಡ ಮಗ ಓಡಿ ಬಂದ. ಪಾಪ, ಮುಖ ಕೆಂಪಾಗಿತ್ತು.

"ಲೀಲಕ್ಕ, ಆದದ್ದು ಆಯ್ತು. ಒಂದು ತುತ್ತು ಆದರೂ ಉಂಡು ಹೋಗಿ. ಅಪ್ಪ ಅಲ್ಲಿ ಕಾಯ್ತಾ ಇರ್ತಾರೆ."

"ಕಾಯಲಿ" ಎಂದೆ.

ಆಟೋ ಹತ್ತಿದೆವು. ಶೋಭ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. "ನನ್ನ ವಿಷಯ ಮೈಕಿನಲ್ಲಿ ಹೇಳ್ಬೇಕಿತ್ತಾ? ಎಲ್ಲರೂ ನನ್ನನ್ನೇ ನೋಡಿದರು."

"ನೋಡಲಿ. ನೀನು ಎಂತ ಮಾಡಿದ್ದಿ?"

"ಎಂತದೂ ಇಲ್ಲ" ಎಂದಳು, ಸೆರಗಿನ ಒಳಗೆ.

"ಕೇಳಲಿಲ್ಲ."

"ನಾನು ಎಂತದೂ ಮಾಡಿಲ್ಲ!"

ಆಟೋದವನು ಬೆಚ್ಚಿ ಹಿಂದೆ ತಿರುಗಿ, "ಎಂತಾಯ್ತಮ್ಮ?" ಎಂದು ಕೇಳಿದ.

"ನಿನಗಲ್ಲ ಮಾರಾಯ" ಎಂದೆ. "ನೀನು ಮುಂದೆ ನೋಡಿ ಓಡಿಸು."